ಮೀನಿನ ಲೆಕ್ಕಕ್ಕೆ ಕ್ಲೋಜರ್ ಸಾಕಾ, ಕ್ಲಾಸ್ ಬೇಕಾ?

ಮಲ್ಪೆ ಬಂದರಿನ ಒಬ್ಬ ಮೀನು ವ್ಯಾಪಾರಿಗೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದು ಕೊಟ್ಟಿದ್ದೇನೆ. ಬಂಗುಡೆ, ಬೂತಾಯಿ, ಅಂಜಲ್: ಒಂದೊಂದಕ್ಕೂ ಆ ದಿನದ ದರ. ತೂಕ ಕೊಟ್ಟರೆ ಹಣ ಹೇಳಬೇಕು. ಅಂದರೆ ದರ ನೆನಪಿಟ್ಟುಕೊಳ್ಳುವ ಫಂಕ್ಷನ್ ಬೇಕು. ಇದಕ್ಕೆ ಎರಡು ದಾರಿ ಉಂಟು. ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್ ಬರೆದು, ಹೊರಗಿನದರ ದರವನ್ನು ಅದು ಬಳಸುವಂತೆ ಮಾಡಿ, ಅದನ್ನು ರಿಟರ್ನ್ ಮಾಡಿದರೆ ಕ್ಲೋಜರ್. ಕ್ಲಾಸ್ ಅಂದರೆ ಆಬ್ಜೆಕ್ಟ್‌ಗಳ ಅಚ್ಚು; ಅದಕ್ಕೆ ಡಂಡರ್ ಕಾಲ್ (__call__) ಎಂಬ ಮೆಥಡ್ ಕೊಟ್ಟರೆ ಅದರ ಆಬ್ಜೆಕ್ಟನ್ನೇ ಫಂಕ್ಷನ್ ತರಹ ಕರೆಯಬಹುದು.

ಹಳೆ ಚೀಟಿಗಳನ್ನೆಲ್ಲ ಒಟ್ಟಿಗೆ ಕೂಡುವಾಗ ಲೂಪ್ ಲಕ್ಷಗಟ್ಟಲೆ ಸಲ ತಿರುಗುತ್ತದೆ. ಅಲ್ಲಿ ಕ್ಲೋಜರ್ ಹಾಕಿ. ಅದು ದರವನ್ನು ತನ್ನ ಸೆಲ್‌ನಿಂದ, ಅಂದರೆ ಹೊರಗಿನ ವೇರಿಯಬಲ್ ಇಟ್ಟುಕೊಳ್ಳುವ ಪುಟ್ಟ ಡಬ್ಬಿಯಿಂದ, ನೇರ ಓದುತ್ತದೆ. ಆಬ್ಜೆಕ್ಟ್ ಆದರೆ ಪೈಥಾನ್ ಮೊದಲು ಅದರ ಕ್ಲಾಸಿನಲ್ಲಿ ಡಂಡರ್ ಕಾಲ್ ಹುಡುಕಬೇಕು, ಆಮೇಲೆ ಸೆಲ್ಫ್ (ಆ ಆಬ್ಜೆಕ್ಟೇ) ಮೂಲಕ ದರ ಹುಡುಕಬೇಕು. 2022ರಲ್ಲಿ ಬಂದ 3.11 ಆವೃತ್ತಿಯಿಂದ ಪೈಥಾನ್ ಫಂಕ್ಷನ್‌ಗಳು ಒಂದನ್ನೊಂದು ಕರೆಯುವ ಖರ್ಚೂ ಇಳಿದಿದೆ. ಆ ಲಾಭ ಕ್ಲೋಜರ್‌ಗೆ ಹಾಗೇ ಸಿಗುತ್ತದೆ. ಆದರೆ ಒಳಗೆ ಫೈಲ್ ಓದುವಂಥ ದೊಡ್ಡ ಕೆಲಸ ಇದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸುಮ್ನೆ ಊಹೆ ಮಾಡಬೇಡಿ, ನಿಮ್ಮ ಕೋಡನ್ನೇ ಪೈಥಾನ್‌ನ ಸಮಯ ಅಳೆಯುವ ಸಾಧನ ಟೈಮ್‌ಇಟ್‌ನಲ್ಲಿ ಅಳೆಯಿರಿ.

ಒಂದು ಕಡೆ ಮಾತ್ರ ಜಾಗ್ರತೆ. ನಾನು ಫಾರ್ ಲೂಪ್ ಒಳಗೇ ಮೂರು ಮೀನಿಗೆ ಮೂರು ಕ್ಲೋಜರ್ ಬರೆದಿದ್ದೆ. ಬಂಗುಡೆಗೂ ಅಂಜಲ್ ದರವೇ ಬಂತು! ಬೂತಾಯಿಗೂ ಅದೇ. ಕ್ಲೋಜರ್ ಹಿಡಿದಿಟ್ಟುಕೊಳ್ಳುವುದು ವೇರಿಯಬಲನ್ನು, ಆ ಹೊತ್ತಿನ ಬೆಲೆಯನ್ನಲ್ಲ. ಲೂಪ್ ಮುಗಿದಾಗ ವೇರಿಯಬಲ್‌ನಲ್ಲಿ ಉಳಿದದ್ದು ಕೊನೆಯ ಅಂಜಲ್. ದರವನ್ನು ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುವ ಹೊರಗಿನ ಫಂಕ್ಷನ್ ಬರೆದು, ಲೂಪಿನಲ್ಲಿ ಅದನ್ನು ಕರೆಯಿರಿ. ಆಗ ಒಂದೊಂದಕ್ಕೂ ಬೇರೆ ಸೆಲ್ ಸಿಗುತ್ತದೆ.

ಪ್ರತಿ ಬೋಟಿನ ಬಾಕಿಗೆ ಮಾತ್ರ ನಾನು ಕ್ಲಾಸ್ ಬಳಸಿದ್ದೇನೆ. ಬಾಕಿ ದಿನಾ ಬದಲಾಗುತ್ತದೆ, ವ್ಯಾಪಾರಿ ನಡುವೆ ಕೇಳುತ್ತಾರೆ, ಸೊನ್ನೆ ಮಾಡಬೇಕಾಗುತ್ತದೆ. ಹೊರಗಿನ ಫಂಕ್ಷನ್‌ನ ವೇರಿಯಬಲ್ ಬದಲಿಸಲು ಬಿಡುವ ನಾನ್‌ಲೋಕಲ್ ಪದ ಹಾಕಿ ಕ್ಲೋಜರ್‌ನಲ್ಲೂ ಮಾಡಬಹುದು, ಆದರೆ ಒಳಗಿನ ಬಾಕಿಯನ್ನು ಹೊರಗಿನಿಂದ ನೋಡುವುದು ಕಿರಿಕಿರಿ ಅಲ್ವಾ?

ಕೆಲಸವನ್ನು ಮಲ್ಟಿಪ್ರೊಸೆಸಿಂಗ್‌ಗೆ, ಅಂದರೆ ಏಕಕಾಲಕ್ಕೆ ಓಡುವ ಹಲವು ಪ್ರೊಸೆಸ್‌ಗಳಿಗೆ, ಹಂಚುವುದಾದರೂ ಕ್ಲಾಸೇ ಬೇಕು. ಬೇರೆ ಪ್ರೊಸೆಸ್‌ಗೆ ಕಳಿಸಲು ಅದನ್ನು ಪಿಕಲ್ ಮಾಡಬೇಕು, ಅಂದರೆ ಬೈಟ್‌ಗಳಾಗಿ ಬದಲಿಸಬೇಕು; ಕ್ಲೋಜರ್ ಪಿಕಲ್ ಆಗುವುದಿಲ್ಲ. ಆ ಕ್ಲಾಸನ್ನು ಯಾವ ಫಂಕ್ಷನ್ ಒಳಗೂ ಇಡದೆ ಫೈಲಿನಲ್ಲಿ ನೇರ ಬರೆಯಿರಿ, ಒಳಗೆ ಬರೆದರೆ ಅದರ ಆಬ್ಜೆಕ್ಟೂ ಪಿಕಲ್ ಆಗುವುದಿಲ್ಲ.