ಜಿಪ್ಸಿ ಬಾಗಿಲಿನ ತುಕ್ಕು ಸ್ಕ್ರೂ ಬಿಚ್ಚಿದ್ದು ಸೋಲ್ಡರಿಂಗ್ ಐರನ್‌ನಿಂದ: ನನ್ನ ಅನುಭವ

ಹಳೇ ಮಾರುತಿ ಜಿಪ್ಸಿಯ ಬಾಗಿಲ ಕಬ್ಜದಲ್ಲಿ (ಹಿಂಜ್) ದೊಡ್ಡ ಸ್ಟಾರ್ ಸ್ಕ್ರೂಗಳಿರುತ್ತವಲ್ಲ, ತಲೆಯಲ್ಲಿ ಪ್ಲಸ್ ಆಕಾರದ ಗುಳಿ ಇರುವಂಥವು, ತಲೆ ಒಳಗೆ ಕೂರುವ ಜಾತಿಯವು, ತುಕ್ಕು ಹಿಡಿದು ಕಚ್ಚಿಕೊಂಡ ಅವನ್ನು ಗ್ಯಾಸ್ ಬೆಂಕಿ ಹಿಡಿಯದೆ, ಡ್ರಿಲ್ ಹೊಡೆಯದೆ, ಬಾಗಿಲು ಕೂರುವ ಕಂಬದ ಪೇಂಟ್ ಸುಡದೆ ಬಿಚ್ಚಿದ್ದೇನೆ. ಆಗಲ್ಲ ಅಂದವರು ಸುಮಾರು ಜನ. ಪಕ್ಕದ ಶೆಡ್‌ನ ವೆಲ್ಡರ್ ಅಂತೂ ನನ್ನ ಕೈಯಲ್ಲಿ ವೈರ್ ಬೆಸೆಯುವ ಸೋಲ್ಡರಿಂಗ್ ಐರನ್ ನೋಡಿ "ಎಂತ ಮಾರಾಯ, ರೇಡಿಯೋ ರಿಪೇರಿಯಾ?" ಅಂತ ನಕ್ಕ. ಈಗ ಅವನೇ ಇಂಥ ಗಾಡಿ ಬಂದರೆ ನನ್ನ ಹತ್ತಿರ ಕಳಿಸುತ್ತಾನೆ.

ಶಿವಮೊಗ್ಗ ಪೇಟೆಯಲ್ಲೇ ಓಡಿದ ಗಾಡಿಗೆ ಇಷ್ಟೆಲ್ಲ ಬೇಡ. ಸುತ್ತಿಗೆ ಏಟಿಗೆ ತಾನೇ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಇಟ್ಟು ನಾಲ್ಕು ಏಟು ಹಾಕಿದರೆ ಬರುತ್ತದೆ. ನಾನು ಹೇಳುತ್ತಿರುವುದು ತೀರ್ಥಹಳ್ಳಿ ದಾಟಿ ಮೇಲಿನ ಗಾಡಿಗಳ ಕಥೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ. ಸುತ್ತಮುತ್ತ ಅಷ್ಟಿಲ್ಲದಿದ್ದರೂ ಗಾಡಿ ನಾಲ್ಕು ತಿಂಗಳು ಒಣಗುವುದೇ ಇಲ್ಲ. ಆದರೆ ಬರೀ ಮಳೆಯಿಂದ ಇಷ್ಟು ಕಚ್ಚಿಕೊಳ್ಳಲ್ಲ. ಅಡಿಕೆ ತೋಟದ ಗಾಡಿ ಅಂದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಯ ಗಾಡಿ. ಬೋರ್ಡೋ ಮಾಡಲು ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ ಎಲ್ಲರಿಗೂ ಗೊತ್ತು. ಮೈಲುತುತ್ತ ಕರಗಿಸಲು ಕಬ್ಬಿಣದ ಡ್ರಮ್ ಮುಟ್ಟಬಾರದು ಅಂತಲೂ ಗೊತ್ತು, ಯಾಕೆಂದರೆ ಅದರೊಳಗಿನ ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣವನ್ನು ತಿನ್ನುತ್ತದೆ. ಡ್ರಮ್ಮಿಗೆ ಇಷ್ಟು ಜಾಗ್ರತೆ, ಆದರೆ ಅದೇ ಮೈಲುತುತ್ತದ ಚೀಲವನ್ನು ಒದ್ದೆ ಗಾಡಿಯೊಳಗೆ ಎಸೆಯುತ್ತೇವೆ. ಆ ಪುಡಿ ನೀರಲ್ಲಿ ಹರಿದು ಕಬ್ಜದ ಸಂದಿಗೆ ಇಳಿಯುತ್ತದೆ. ನನ್ನ ಹತ್ತಿರ ಬಂದ ಜಿಪ್ಸಿಯ ನೆಲದ ಮೂಲೆಯಲ್ಲಿ ಇನ್ನೂ ನೀಲಿ ಕಾಣುತ್ತಿತ್ತು.

ಮೊದಲ ಬಾಗಿಲಿಗೆ ಎಲ್ಲರೂ ಮಾಡುವುದನ್ನೇ ಮಾಡಿದೆ. ತುಕ್ಕು ಸಡಿಲಿಸುವ ಸ್ಪ್ರೇ ಡಬ್ಲ್ಯೂಡಿ-40 ದೊಡ್ಡ ಡಬ್ಬಿ, 450 ರೂಪಾಯಿ ಹತ್ತಿರ. ದಿನಾ ಹೊಡೆದೆ, ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಸ್ಕ್ರೂ ತಲೆ ಕಬ್ಜದೊಳಗೆ ಬಿರಡೆ ಹಾಗೆ ಕೂತಿದೆ, ಥ್ರೆಡ್ ಇರುವುದು ಅದರ ಹಿಂದೆ, ಕಂಬದೊಳಗೆ. ಎಣ್ಣೆ ತಲೆ ಹತ್ತಿರವೇ ನಿಂತು ಕೆಳಗೆ ಸೋರುತ್ತದೆ. ಆಮೇಲೆ ಅಸಿಟೋನ್ ಮತ್ತು ಗೇರ್ ಎಣ್ಣೆ ಕಲಸಿ ನೋಡಿದೆ. ಎರಡೂ ಸರಿಯಾಗಿ ಬೆರೆಯಲ್ಲ, ಪ್ರತಿ ಸಲ ಬಾಟಲಿ ಕುಲುಕಬೇಕು. ಸ್ವಲ್ಪ ವಾಸಿ ಅನ್ನಿಸಿತು, ಅಷ್ಟೇ. ಅಸಿಟೋನ್ ಹಾಕಿದ ಜಾಗಕ್ಕೆ ಅವತ್ತು ಬಿಸಿ ತರಲೇಬೇಡಿ, ಭಗ್ ಅನ್ನುತ್ತದೆ.

ಆಮೇಲೆ ಇಂಪ್ಯಾಕ್ಟ್. ಸೆಟ್ಟಿಗೆ 700 ಕೊಟ್ಟೆ. ಜೊತೆಗೆ ಬಂದ ಬಿಟ್ ಮೂರನೇ ಏಟಿಗೆ ಮೂಲೆ ಹಾರಿತು, ಸ್ಕ್ರೂ ತಲೆಯನ್ನೂ ಸವೆಸಿತು. ಸರಿ, ಡ್ರಿಲ್ ಹೊಡೆದು ಈಸಿಔಟ್ (ತೂತಿಗೆ ಉಲ್ಟಾ ತಿರುಗಿಸಿ ಸ್ಕ್ರೂ ಹೊರಗೆ ತೆಗೆಯುವ ಸಾಧನ) ಹಾಕೋಣ ಅಂದರೆ ಅದು ಒಳಗೇ ಮುರಿಯಿತು. ಮುರಿದ ಈಸಿಔಟ್ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಸುಮ್ನೆ ಜಾರುತ್ತದೆ. ಕಾರ್ಬೈಡ್ ಬಿಟ್ ತಂದು ಲೇತ್‌ನವರನ್ನು ಕರೆಸಿ, ಅದನ್ನು ಪುಡಿ ಮಾಡಿ, ಹೊಸದಾಗಿ 8 ಎಂಎಂ ಟ್ಯಾಪ್ ಹೊಡೆಸಿ ಥ್ರೆಡ್ ಮಾಡಿಸುವ ಹೊತ್ತಿಗೆ ಒಂದೇ ಬಾಗಿಲಿಗೆ ಎರಡೂವರೆ ಸಾವಿರ ಹೋಯಿತು. ಮಾಲೀಕರು ನಮ್ಮ ಕಡೆಯ ನೆಂಟರೇ, ಕೇಳುವ ಹಾಗೂ ಇಲ್ಲ.

ಗ್ಯಾಸ್ ಹಾಕಿ ಅಂತ ಎಲ್ಲರೂ ಹೇಳಿದರು. ಇಂಜಿನ್‌ನ ಹೊಗೆ ಪೈಪ್ ಕೂರಿಸುವ ಮ್ಯಾನಿಫೋಲ್ಡ್ ಸ್ಟಡ್ಡಿಗೆ ಸರಿ, ಬಾಗಿಲ ಕಂಬಕ್ಕಲ್ಲ. ಪೇಂಟ್ ಗುಳ್ಳೆ ಬರುತ್ತದೆ, ರಬ್ಬರ್ ಕರಗುತ್ತದೆ, ಪಕ್ಕದಲ್ಲೇ ವೈರಿಂಗ್. ಮೇಲಾಗಿ ಪೆಟ್ರೋಲ್ ಗಾಡಿ. ಆ ಪಕ್ಕ ಮತ್ತೆ ಪೇಂಟ್ ಮಾಡಿಸಲು ಕಡಿಮೆ ಅಂದರೂ ಎಂಟು ಸಾವಿರ.

ಎರಡನೇ ಬಾಗಿಲಿಗೆ ಸೋಲ್ಡರಿಂಗ್ ಐರನ್ ತಂದೆ. ಸಣ್ಣದಲ್ಲ, 125 ವಾಟ್‌ನದು, 600 ರೂಪಾಯಿ ಆಸುಪಾಸು. ಅದರ ತುದಿಯನ್ನು ಅರದಿಂದ ಉಜ್ಜಿ ಸ್ಕ್ರೂವಿನ ಸ್ಟಾರ್ ಒಳಗೆ ಕಚ್ಚುವ ಹಾಗೆ ಮಾಡಿದೆ. ಸ್ಟಾರ್ ಒಳಗಿನ ಹಳೇ ಪೇಂಟನ್ನು ಪೂರ್ತಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಬಿಸಿಯೂ ಹೋಗಲ್ಲ, ಬಿಟ್ಟೂ ಕೂರಲ್ಲ. ಮೊದಲು ಮೊಂಡು ಪಂಚ್ ಇಟ್ಟು ತಲೆ ಮೇಲೆ ಹತ್ತಾರು ಸಣ್ಣ ಏಟು. ಆಮೇಲೆ ಐರನ್ ಒತ್ತಿ ಹಿಡಿದು ಹತ್ತು ನಿಮಿಷದ ಹತ್ತಿರ ಕಾಯುವುದು. ಕೈ ನೋಯುತ್ತದೆ, ನಾನು ಸ್ಟೂಲ್ ಮೇಲೆ ಇಟ್ಟಿಗೆ ಜೋಡಿಸಿ ಆನಿಸುತ್ತೇನೆ. ಕಬ್ಜ ಮುಟ್ಟಲಾಗದಷ್ಟು ಬಿಸಿಯಾದ ಮೇಲೆ ತಲೆಯ ಸುತ್ತ ಜೇನುಮೇಣ ಒತ್ತಬೇಕು. ಅದು ಕರಗಲು 65 ಡಿಗ್ರಿ ಸಾಕು. ಕೆಂಪಗೆ ಕಾಯಿಸುವ ಕೆಲಸವೇ ಅಲ್ಲ ಇದು. ಸ್ಕ್ರೂ ಬಿಸಿಗೆ ಹಿಗ್ಗಿ ತುಕ್ಕನ್ನು ಒತ್ತುತ್ತದೆ, ಆರಿದಾಗ ಕುಗ್ಗಿ ಕೂದಲೆಳೆಯಷ್ಟು ಜಾಗ ಬಿಡುತ್ತದೆ, ಮೇಣ ಅಲ್ಲಿಗೆ ಇಳಿಯುತ್ತದೆ. ಪೂರ್ತಿ ಆರಲು ಬಿಡಿ, ಮತ್ತೆ ಕಾಯಿಸಿ, ಮತ್ತೆ ಮೇಣ. ಮೊದಲ ಸಲ ಮೇಣ ಮೇಲೇ ನಿಲ್ಲುತ್ತದೆ, ಬೇಜಾರಾಗಬೇಡಿ. ಹೊರಗೆ ನಿಲ್ಲದೆ ಒಳಗೆ ಎಳೆದುಕೊಳ್ಳಲು ಶುರು ಮಾಡಿದಾಗ ಅರ್ಧ ಕೆಲಸ ಆಯಿತು ಅಂತ ಲೆಕ್ಕ.

ಮೇಣಕ್ಕೆ ನಾನು ಇನ್ನೊಂದು ಸಾಮಾನು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಬರೀ ಮೇಣದಲ್ಲೂ ಆಗುತ್ತದೆ, ಎರಡು ಸುತ್ತು ಜಾಸ್ತಿ ಹಿಡಿಯಬಹುದು.

ಬಿಚ್ಚುವಾಗ ಬಿಟ್ ಮುಖ್ಯ. ಜಪಾನ್ ಮೂಲದ ಗಾಡಿಗಳ ಸ್ಟಾರ್ ನಮ್ಮ ಮಾಮೂಲಿ ಫಿಲಿಪ್ಸ್‌ಗಿಂತ ಸ್ವಲ್ಪ ಬೇರೆ, ಜೆಐಎಸ್ (ಜಪಾನಿನ ಅಳತೆಯ ಮಾನದಂಡ) ಅಂತಾರೆ. ಎಷ್ಟೋ ಸ್ಕ್ರೂಗಳ ತಲೆ ಮೇಲೆ ಒಂದು ಚುಕ್ಕೆ ಇರುತ್ತದೆ. ಫಿಲಿಪ್ಸ್ ಬಿಟ್ ಅದರಲ್ಲಿ ತಳ ಮುಟ್ಟದೆ ಮೇಲೆ ಏರುತ್ತದೆ. ಜೆಐಎಸ್ 3ನೇ ನಂಬರ್ ಬಿಟ್ ತರಿಸಿಕೊಂಡೆ, ಒಂದಕ್ಕೇ 350 ಆಯಿತು, ಕೊಟ್ಟಿದ್ದಕ್ಕೆ ಮೋಸವಿಲ್ಲ. ತುದಿಗೆ ಇಂಜಿನ್ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಸ್ವಲ್ಪ ಹಚ್ಚಿದರೆ ಅದರ ಮರಳು ಹಿಡಿತ ಕೊಡುತ್ತದೆ. ಇಂಪ್ಯಾಕ್ಟ್ ಅನ್ನು ಮೊದಲು ಟೈಟ್ ಕಡೆಗೆ ಇಟ್ಟು ಒಂದು ಏಟು, ಆಮೇಲೆ ಲೂಸ್ ಕಡೆಗೆ. "ಟಿಕ್" ಅಂತ ಸಣ್ಣ ಸದ್ದು ಬರುತ್ತದೆ. ಆಗ ಖುಷಿಯಲ್ಲಿ ಒಂದೇ ಸಲ ತಿರುಗಿಸಿದರೆ ಸ್ಕ್ರೂ ಅಲ್ಲೇ ಮುರಿಯಬಹುದು. ಕಾಲು ಸುತ್ತು ಲೂಸ್ ಕಡೆಗೆ, ಅದಕ್ಕಿಂತ ಕಡಿಮೆ ಟೈಟ್ ಕಡೆಗೆ, ಮತ್ತೆ ಮೇಣ, ಹೀಗೆ. ಆ ಬಾಗಿಲಿನ ಸ್ಕ್ರೂ ಅಷ್ಟೂ ಥ್ರೆಡ್ ಸಮೇತ ಬಂದವು. ವೆಲ್ಡರ್ ನಿಂತು ನೋಡಿದ, ಏನೂ ಹೇಳಲಿಲ್ಲ. ಐರನ್ ಎಷ್ಟಕ್ಕೆ ತಂದೆ ಅಂತ ಮಾತ್ರ ಕೇಳಿದ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮನೆಯಲ್ಲಿ ಅಡಿಕೆ ಬೇಯಿಸಿದ ಚೊಗರು (ಬೇಯಿಸಿ ಉಳಿದ ಕೆಂಪು ನೀರು) ಇತ್ತು. ಬಿಚ್ಚಿದ ಸ್ಕ್ರೂ ಕೆಲವನ್ನು ಅದರಲ್ಲಿ ಹಾಕಿಟ್ಟೆ, ಕಪ್ಪಗಾದವು. ಚೊಗರಿನ ಒಗರು ತುಕ್ಕಿನ ಜೊತೆ ಸೇರಿ ಕಪ್ಪು ಪದರ ಆಗುತ್ತದೆ, ತುಕ್ಕಿನ ಮೇಲೆ ಬಳಿಯಲು ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಎಷ್ಟೋ ಇದೇ ತತ್ವದವು. ಕಬ್ಜದ ಹಿಂಭಾಗಕ್ಕೂ ಬಳಿದು ಮೇಲೆ ಪ್ರೈಮರ್ ಹೊಡೆದಿದ್ದೇನೆ, ಒಂದು ಮಳೆಗಾಲ ತಡೆದಿದೆ. ಉಪ್ಪಾಗೆ ಹುಳಿ ನೆನೆಸಿದ ನೀರಿನಲ್ಲಿ ರಾತ್ರಿ ಇಟ್ಟ ನಟ್ಟುಗಳು ಬೆಳಿಗ್ಗೆ ಬೆಳ್ಳಗೆ ಬಂದವು, ಆದರೆ ತೊಳೆದು ಎಣ್ಣೆ ಹಚ್ಚದಿದ್ದರೆ ಮಧ್ಯಾಹ್ನಕ್ಕೆ ಮತ್ತೆ ಕೆಂಪು. ಗಾಡಿಯಲ್ಲೇ ಇರುವ ಸ್ಕ್ರೂವಿಗೆ ಎರಡೂ ಪ್ರಯೋಜನವಿಲ್ಲ, ಮುಳುಗಿಸುವುದೆಲ್ಲಿ?

ಈ ಐರನ್ ಉಪಾಯ ಎಲ್ಲದಕ್ಕೂ ಆಗಲ್ಲ. ಸೈಲೆನ್ಸರ್, ಮ್ಯಾನಿಫೋಲ್ಡ್ ಸ್ಟಡ್ಡಿಗೆ 125 ವಾಟ್ ಬಿಸಿ ಎಲ್ಲಿಗೂ ಸಾಲಲ್ಲ. ಮುರಿದ ಸ್ಟಡ್ ಆದರೆ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿಸಿ, ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು. ಆ ಬಿಸಿಗೇ ಅರ್ಧ ಸಡಿಲವಾಗುತ್ತದೆ. ಸ್ಟಾರ್ ಪೂರ್ತಿ ಸವೆದ ಸ್ಕ್ರೂ ತಂದರೂ ನಾನು ಒಪ್ಪಿಕೊಳ್ಳಲ್ಲ, ಬೇರೆಯವರು ಹಾಳು ಮಾಡಿದ್ದಕ್ಕೆ ನನ್ನ ಹೆಸರು ಯಾಕೆ? ಉಳಿದವಕ್ಕೆ ಒಂದು ಬಾಗಿಲಿಗೆ 600 ತಗೊಳ್ಳುತ್ತೇನೆ, ಹೊಸ ಸ್ಕ್ರೂ ಬೇರೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ ಅಂತ ಕೆಲವರು ಹಠ ಮಾಡುತ್ತಾರೆ. ಸ್ಟೇನ್‌ಲೆಸ್ ತಾನು ಚೆನ್ನಾಗಿಯೇ ಇರುತ್ತದೆ, ಸುತ್ತಲಿನ ಕಬ್ಬಿಣಕ್ಕೆ ತುಕ್ಕು ಜಾಸ್ತಿ ಮಾಡುತ್ತದೆ. ಮಾಮೂಲಿ ಸ್ಕ್ರೂವನ್ನೇ ಗ್ರೀಸಲ್ಲಿ ಅದ್ದಿ ಹಾಕಿ ಕಳಿಸುತ್ತೇನೆ, ಮೈಲುತುತ್ತ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಗೊಂಡು ಹೋಗಿ ಅಂತ ಹೇಳಿ.