ತಿಥಿ ನೋಡಿ ಕ್ಯಾಮೆರಾ ಹೆಗಲಿಗೆ

ನಮ್ಮ ಡೊಂಬಿವಲಿ ಮನೆಯ ಅಡುಗೆಮನೆ ಗೋಡೆಯಲ್ಲಿ ಒಂದು ಕನ್ನಡ ಕ್ಯಾಲೆಂಡರ್ ಇದೆ. ಗ್ಯಾಸ್ ಬಂದ ತಾರೀಖು, ಹಾಲಿನ ಲೆಕ್ಕ, ಎಲ್ಲ ಅದರ ಮೇಲೇ. ಕೆಲವು ಶನಿವಾರ, ಭಾನುವಾರಗಳ ಮೂಲೆಯಲ್ಲಿ ಮಾತ್ರ ಪೆನ್ಸಿಲಿನಲ್ಲಿ ಸಣ್ಣಗೆ ಒಂದು ಸಮಯ ಬರೆದಿರುತ್ತೇನೆ. ಅದು ಇಳಿತದ, ಅಂದರೆ ಕಡಲ ನೀರು ಹಿಂದೆ ಸರಿಯುವ ಹೊತ್ತು. ಆ ಹೊತ್ತಿಗೆ ಮುಂಬಯಿಯ ಯಾವುದಾದರೂ ಒಂದು ಕಡಲಂಚಿನಲ್ಲಿ ನಾನು ಕ್ಯಾಮೆರಾ ಹಿಡಿದು ನಿಂತಿರಬೇಕು. ಅಲ್ಲಿ ಯಾವ ಫೋಟೋ ತೆಗೆಯಬೇಕು ಅಂತ ಮೊದಲೇ ಯೋಚಿಸುವುದಿಲ್ಲ. ಯೋಚಿಸುವುದನ್ನು ಬಿಟ್ಟ ಮೇಲೇ ನನ್ನ ಕೈಗೆ ಒಳ್ಳೆಯ ಫೋಟೋ ಬರತೊಡಗಿದ್ದು.

ನನ್ನ ಊರು ಕುಮಟಾ ಹತ್ತಿರ. ಕಡಲು ನೋಡಿಯೇ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಫೋರ್ಟ್‌ನಲ್ಲಿ ಕೆಲಸ ಸಿಕ್ಕಿತು. ವರ್ಷಗಟ್ಟಲೆ ಕಡಲು ಕೂಗಳತೆಯಲ್ಲಿದ್ದರೂ ನೋಡಲು ಪುರುಸೊತ್ತು ಇರಲಿಲ್ಲ. ಸಂಜೆ ಕಲ್ಯಾಣ್ ಫಾಸ್ಟ್ ಲೋಕಲ್ ಟ್ರೇನ್ ತಪ್ಪಿದರೆ ಮನೆಯಲ್ಲಿ ಅಡುಗೆ ತಡ, ಅಷ್ಟೇ ಲೆಕ್ಕ. ಮಗ ಕಾಲೇಜು ಸೇರಿದ ವರ್ಷ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡೆ.

ಮೊದಲಿನ ಎರಡು ವರ್ಷ ಪಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. ಗೇಟ್‌ವೇಯಲ್ಲಿ ಸೂರ್ಯೋದಯ, ಮರೀನ್ ಡ್ರೈವ್‌ನಲ್ಲಿ ಸೂರ್ಯಾಸ್ತ, ಬಾಂದ್ರಾದಿಂದ ಸೀ ಲಿಂಕ್ ಸೇತುವೆ. ಎಲ್ಲವೂ ಸಿಕ್ಕಿತು. ಎಲ್ಲವೂ ಬೇರೆಯವರು ತೆಗೆದ ಹಾಗೇ ಇತ್ತು. ಬೀದಿಯಲ್ಲಿ ಜನರ ಹಿಂದೆ ಓಡಿದರೆ ಬರೀ ಬೆನ್ನುಗಳು ಸಿಕ್ಕವು.

ದಾರಿ ತೋರಿಸಿದವರು ವರ್ಲಿ ಕೋಳಿವಾಡದ, ಅಂದರೆ ಅಲ್ಲಿನ ಮೀನುಗಾರರ ಕೇರಿಯ ಒಬ್ಬ ಅಜ್ಜ. ದೋಣಿಯ ನೆರಳಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ನೀರು ತುಂಬ ದೂರ ಹೋಗಿಬಿಟ್ಟಿದೆ, ದೋಣಿಗಳೆಲ್ಲ ಕೆಸರಲ್ಲಿ ಕೂತಿವೆ ಅಂತ ನಾನು ಬೇಜಾರು ಮಾಡಿಕೊಂಡೆ. ಅವರು ಕತ್ತೆತ್ತದೆ, ಇವತ್ತು ತಿಥಿ ಯಾವುದು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಆಗ ಲೆಕ್ಕ ಹೇಳಿಕೊಟ್ಟರು. ತಿಥಿಯನ್ನು ಮುಕ್ಕಾಲಿನಿಂದ ಗುಣಿಸು, ಬಂದದ್ದೇ ಭರತದ, ಅಂದರೆ ನೀರು ತುಂಬಿ ಬರುವ ಗಂಟೆ. ಚೌತಿಗೆ 3. ಅಷ್ಟಮಿಗೆ 6. ಹುಣ್ಣಿಮೆ, ಅಮಾವಾಸ್ಯೆಗೆ ಹನ್ನೊಂದೂಕಾಲು. ಅಲ್ಲಿಂದ ಆರು ಗಂಟೆ ಚಿಲ್ಲರೆ ಆಚೆ ಅಥವಾ ಈಚೆ ಇಳಿತ. ಮರಾಠಿಯಲ್ಲಿ ಅವರು ಭರ್ತಿ, ಓಹೋಟಿ ಅಂದರು. ನಮ್ಮಲ್ಲಿ ಭರತ, ಇಳಿತ. ಒಂದು ಶಬ್ದವಂತೂ ಊರಿನದೇ ಅನ್ನಿಸಿತು.

ಮನೆಗೆ ಬಂದು ಕ್ಯಾಲೆಂಡರ್ ಮುಂದೆ ನಿಂತು ಲೆಕ್ಕ ಹಾಕಿದೆ. ಮೊಬೈಲಿನಲ್ಲಿ ಬರುವ ಸಮಯಕ್ಕೆ ಹೋಲಿಸಿದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಅತ್ತಿತ್ತ ಆಗುತ್ತದೆ. ಆದರೆ ತಿಂಗಳ ಚಿತ್ರ ಒಂದೇ ನೋಟಕ್ಕೆ ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಬಯಿಯ ದೊಡ್ಡ ಭರತ ನಡುಮಧ್ಯಾಹ್ನಕ್ಕೆ ಬರುತ್ತದೆ. ಹಾಗಾದರೆ ದೊಡ್ಡ ಇಳಿತ ಬೆಳಗ್ಗೆ, ಸಂಜೆ ಆರು ಏಳರ ಹೊತ್ತಿಗೆ. ಅಂದರೆ ಬೆಳಕು ಚೆನ್ನಾಗಿರುವ ಹೊತ್ತಿಗೇ ಕಡಲು ಹಿಂದೆ ಸರಿದು ಬಂಡೆಗಳನ್ನು ಬಿಟ್ಟುಕೊಡುತ್ತದೆ! ಅಷ್ಟಮಿ, ನವಮಿಗೆ ಇದು ತಿರುಗಾಮುರುಗಾ. ಬೆಳಗ್ಗೆ, ಸಂಜೆ ನೀರು ದಡಕ್ಕೆ ಬಂದಿರುತ್ತದೆ, ಆದರೆ ಅಬ್ಬರ ಇರುವುದಿಲ್ಲ. ಆಗ ದೋಣಿಗಳು ತೇಲುತ್ತಿರುತ್ತವೆ. ಕುಮಟೆಯಲ್ಲಿ ಹುಣ್ಣಿಮೆ ದಿನ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಎಷ್ಟು ವ್ಯತ್ಯಾಸವೋ, ಇಲ್ಲಿ ಸುಮಾರು ಅದರ ಎರಡರಷ್ಟು. ಅದಕ್ಕೇ ಕಾರ್ಟರ್ ರೋಡಿನಲ್ಲಿ ಮಧ್ಯಾಹ್ನ ಬರೀ ನೀರು ಕಂಡ ಜಾಗದಲ್ಲಿ ಸಂಜೆ ಕಪ್ಪು ಬಂಡೆಗಳ ಮೇಲೆ ಜನ ನಡೆದಾಡುತ್ತಿರುತ್ತಾರೆ.

ಅಂದಿನಿಂದ ನನ್ನ ಪದ್ಧತಿ ಇಷ್ಟೇ. ಕಡಲಿಗೆ ಟೈಂಟೇಬಲ್ ಇದೆ, ಅದನ್ನು ನೋಡಿಕೊಂಡು ಜಾಗ ಆರಿಸುತ್ತೇನೆ. ಜನರಿಗೆ ಟೈಂಟೇಬಲ್ ಇಲ್ಲ, ಅವರನ್ನು ಅವರ ಪಾಡಿಗೆ ಬಿಡುತ್ತೇನೆ. ಒಂದು ಕಡೆ ನಿಂತು ಹಿನ್ನೆಲೆ ಸರಿಮಾಡಿಕೊಂಡು ಕಾಯುತ್ತೇನೆ. ಬರುವವರು ಬರುತ್ತಾರೆ. ಲ್ಯಾಂಡ್‌ಸ್ಕೇಪ್ ಬೇರೆ, ಬೀದಿಯ ಜನರನ್ನು ತೆಗೆಯುವ ಸ್ಟ್ರೀಟ್ ಫೋಟೋಗ್ರಫಿ ಬೇರೆ ಅಂತಾರಲ್ವಾ? ಮುಂಬಯಿಯ ಕಡಲಂಚಿನಲ್ಲಿ ಹಾಗೆ ಬೇರೆ ಮಾಡಲು ನನಗೆ ಆಗಿಲ್ಲ. ಇಲ್ಲಿ ಕಡಲೇ ಬೀದಿಯ ಇನ್ನೊಂದು ಬದಿ.

ಲೆನ್ಸ್ ಒಂದೇ, 23 ಎಂಎಂ. ನನ್ನದು ಎಪಿಎಸ್-ಸಿ ಸೆನ್ಸರ್, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕದು, ಹಾಗಾಗಿ ಹೆಚ್ಚು ಕಡಿಮೆ ಫುಲ್ ಫ್ರೇಮಿನ 35 ಎಂಎಂ ನೋಟ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ, ಎಫ್/8. ಆಟೋಫೋಕಸ್ ತೆಗೆದು ಫೋಕಸ್ಸನ್ನು ಮೂರೂವರೆ ಮೀಟರಿಗೆ ಇಟ್ಟುಬಿಡುತ್ತೇನೆ. ಹೀಗಿಟ್ಟರೆ ಒಂದೂಮುಕ್ಕಾಲು ಮೀಟರಿನಿಂದ ಹಿಡಿದು ಕಡಲು ಆಕಾಶ ಸೇರುವ ಗೆರೆಯ ತನಕ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಶಟರ್ 1/500 ಸೆಕೆಂಡ್. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವುದು, ಆಟೋ. ಇಷ್ಟಾದ ಮೇಲೆ ಕ್ಯಾಮೆರಾ ಕಡೆ ಗಮನವೇ ಬೇಡ. ಬುಟ್ಟಿ ಹೊತ್ತ ಹೆಂಗಸು ಎರಡು ಹೆಜ್ಜೆ ಹತ್ತಿರ ಬಂದರೂ ಅಷ್ಟೇ, ಹಿಂದೆ ಸೀ ಲಿಂಕ್‌ನ ಕಂಬ ಇದ್ದರೂ ಅಷ್ಟೇ. ನಾನು ನೋಡಿಕೊಳ್ಳುವುದು ಒಂದೇ, ಕಡಲಿನ ಗೆರೆ ಯಾರ ಕುತ್ತಿಗೆಯನ್ನೂ ಅಡ್ಡ ಕತ್ತರಿಸಬಾರದು. ಅದಕ್ಕೆ ಮಂಡಿ ಸ್ವಲ್ಪ ಬಗ್ಗಿಸಿದರೆ ಸಾಕು, ತಲೆ ಗೆರೆಯಿಂದ ಮೇಲೆ ಬರುತ್ತದೆ.

ವೆಸಾವೆಗೆ, ಅಂದರೆ ವರ್ಸೋವಾಕ್ಕೆ ಹೋಗಲು ನಮಗೆ ಸುಲಭ. ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ, ಕೊನೇ ಸ್ಟೇಷನ್‌ನಿಂದ ರಿಕ್ಷಾ. ಮಳೆ ನಿಂತ ಮೇಲೆ ಅಲ್ಲಿ ಬೊಂಬಿಲ್ ಒಣಗಿಸುತ್ತಾರೆ. ಬಿದಿರಿನ ಕಂಬ ನೆಟ್ಟು ಹಗ್ಗ ಕಟ್ಟಿ, ಬಟ್ಟೆ ಹರವಿದ ಹಾಗೆ ಮೀನು. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದರೆ ಮೀನಿನ ಮೈ ತೆಳುವಾಗಿ ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ. ಮೊದಲ ಸಲ ಹೋದಾಗ ಆ ಹೊಳಪಿಗೇ ಮರುಳಾಗಿ ಹಗ್ಗದ ಸಾಲುಗಳನ್ನು ತೆಗೆಯುತ್ತಾ ಹೋದೆ. ಸಾಲಿನ ಆ ಕಡೆ ಒಬ್ಬ ಮಾವಶಿ ಕೂತಿದ್ದು ಕಾಣಲಿಲ್ಲ.

"ಫೋಟೋ ಕಶಾಲಾ ಕಾಢತೇಸ್?" ಅಂತ ಗದರಿದರು. ಯಾಕೆ ತೆಗೀತೀಯ ಅಂತ.

ಕ್ಯಾಮೆರಾ ಕೆಳಗಿಳಿಸಿದೆ. ನಮ್ಮೂರಲ್ಲೂ ಮೀನು ಒಣಗಿಸ್ತಾರೆ ಮಾವಶಿ, ಆದರೆ ಹೀಗೆ ನೇತು ಹಾಕಲ್ಲ, ಮರಳಲ್ಲಿ ಹರವುತ್ತಾರೆ ಅಂದೆ. ಊರು ಯಾವುದು ಅಂತ ಕೇಳಿದರು. ಕಾರವಾರದ ಆಚೆ ಅಂದೆ. ಕಾರವಾರ ಗೊತ್ತಿತ್ತು. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಕೊಟ್ಟರು. "ಮುಖ ಬೇಡ. ಕೈ ತೆಗಿ," ಅಂದರು.

ಆ ಕೈಯನ್ನು ನಾನು ಅರ್ಧ ಗಂಟೆ ನೋಡಿದೆ. ಬುಟ್ಟಿಯಿಂದ ಎರಡು ಬೊಂಬಿಲ್ ಎತ್ತುತ್ತಾರೆ. ಒಂದರ ಬಾಯನ್ನು ಹೆಬ್ಬೆರಳಿನಿಂದ ಅಗಲಿಸಿ ಇನ್ನೊಂದರ ದವಡೆಯನ್ನು ಅದರೊಳಗೆ ಸಿಕ್ಕಿಸುತ್ತಾರೆ. ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ. ಆಮೇಲೆ ಜೋಡಿಯನ್ನು ಹಗ್ಗದ ಮೇಲೆ ಎಸೆದರೆ ಒಂದು ಈ ಕಡೆ, ಒಂದು ಆ ಕಡೆ. ಗಂಟಿಲ್ಲ, ದಾರವಿಲ್ಲ. ಉಗುರಿನ ಸಂದಿಯಲ್ಲಿ ಬೆಳ್ಳಿಯಂಥ ಲೋಳೆ, ಹಸಿರು ಗಾಜಿನ ಬಳೆಗಳಿಗೂ ಅದೇ ಅಂಟಿದೆ. ಸಿಕ್ಕಿಸುವ ಗಳಿಗೆ ಒಂದು ಸೆಕೆಂಡೂ ಇರುವುದಿಲ್ಲ. ನಾನು ಫೋಕಸ್ಸನ್ನು ಅರ್ಧ ಮೀಟರಿಗೆ ಇಳಿಸಿ, ಅವರ ಕೈಯ ತಾಳ ಕಿವಿಯಲ್ಲಿ ಎಣಿಸಿಕೊಂಡು, ದವಡೆ ಸೇರುವ ಮೊದಲೇ ಒತ್ತಿದೆ. ನಲವತ್ತರಲ್ಲಿ ಒಂದು ಸರಿ ಬಂತು.

ಆ ಫೋಟೋವನ್ನು ಪ್ರಿಂಟ್ ಹಾಕಿಸಿ ಮುಂದಿನ ವರ್ಷ ಕೊಟ್ಟೆ. ಅವರು ತಮ್ಮ ಕೈ ನೋಡಲೇ ಇಲ್ಲ. ಮೀನು ನೋಡಿದರು. "ಹೋದ ವರ್ಷ ಇಷ್ಟು ದೊಡ್ಡದು ಬರ್ತಿತ್ತು," ಅಂತ ಪಕ್ಕದವರಿಗೆ ತೋರಿಸಿದರು. ನಾನು ಬೆಳಕು, ಬಳೆ ಅಂತ ತೆಗೆದದ್ದು ಅವರಿಗೆ ಒಂದು ವರ್ಷದ ಲೆಕ್ಕವಾಯಿತು. ನನಗೆ ತುಂಬ ಸಂತೋಷವಾದ ದಿನ ಅದು.

ಇನ್ನೊಂದು ದಿನ ಮಾಟುಂಗಾದಲ್ಲಿ ಹೀಗೇ ಆಯಿತು. ಬೆಳಗಿನ ಸುತ್ತಾಟ ಮುಗಿದರೆ ಅಲ್ಲಿ ಇಡ್ಲಿ ತಿಂದೇ ಮನೆಗೆ. ಗಲ್ಲಾದಲ್ಲಿ ಕೂರುವವರು ಕುಂದಾಪುರ ಕಡೆಯವರು. "ಅಕ್ಕ, ಇವತ್ತ್ ಎಂತ ಸಿಕ್ತ್?" ಅಂತ ಕೇಳುತ್ತಾರೆ. ಮುಂಜಾವಿನ ಕೆಂಪಿನಲ್ಲಿ ದಡಕ್ಕೆ ಬರುತ್ತಿದ್ದ ದೋಣಿಯ ಫೋಟೋ ತೋರಿಸಿದೆ. ಅವರು ಸ್ಕ್ರೀನ್ ಹತ್ತಿರ ಹಿಡಿದು, "ಪಾಪ, ಖಾಲಿ ಬಂದದ್ದ್ ಇದ್," ಅಂದರು. ದೋಣಿ ನೀರಿನಿಂದ ಎಷ್ಟು ಮೇಲೆದ್ದಿದೆ ನೋಡಿ ಹೇಳಿದ್ದು. ಅಂದಿನಿಂದ ನಾನೂ ದೋಣಿಯ ಬಣ್ಣಕ್ಕಿಂತ ಮೊದಲು ಅದು ನೀರಿನಲ್ಲಿ ಎಷ್ಟು ಮುಳುಗಿದೆ ಅಂತ ನೋಡುತ್ತೇನೆ. ತುಂಬಿದ ದೋಣಿ ಬಂದರೆ ಬುಟ್ಟಿ ಹಿಡಿದವರು ನೀರಿಗಿಳಿದು ಎದುರು ಹೋಗುತ್ತಾರೆ. ಖಾಲಿ ಬಂದರೆ ದಡದಲ್ಲೇ ನಿಲ್ಲುತ್ತಾರೆ. ಫೋಟೋದಲ್ಲಿ ಇದೇ ದೊಡ್ಡ ವ್ಯತ್ಯಾಸ.

ದಾದರ್ ಹೂವಿನ ಮಾರುಕಟ್ಟೆಗೆ ಎಲ್ಲರೂ ಹೋಗುತ್ತಾರೆ, ನಾನೂ ಹೋಗುತ್ತೇನೆ. ನಸುಕಿನಲ್ಲಿ ಚೆಂಡುಹೂವಿನ ಮೂಟೆ ಹೊತ್ತವರ ದಾರಿಗೆ ಅಡ್ಡ ನಿಲ್ಲದಿದ್ದರೆ ಸಾಕು.

ಮರೀನ್ ಡ್ರೈವ್‌ಗೆ ಬರುತ್ತೇನೆ. ಅಲ್ಲಿ ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ. ಚಳಿಗಾಲದಲ್ಲಿ ದಕ್ಷಿಣಕ್ಕೆ ಸರಿದು ತೆರೆದ ನೀರಿನ ಮೇಲೆ ಇಳಿಯುತ್ತಾನೆ. ಮೇ, ಜೂನ್‌ನಲ್ಲಿ ಮಲಬಾರ್ ಹಿಲ್‌ನ ಕಟ್ಟಡಗಳ ಹಿಂದೆ. ಆದರೆ ಚಳಿಗಾಲದಲ್ಲಿ ಗಾಳಿಯಲ್ಲಿ ಧೂಳು ಜಾಸ್ತಿ, ಸೂರ್ಯ ನೀರು ಮುಟ್ಟುವ ಮೊದಲೇ ಕರಗಿಹೋಗುತ್ತಾನೆ. ನನಗೆ ಕೇಳಿದರೆ ಮುಂಬಯಿಯ ನಿಜವಾದ ಬೆಳಕು ಮಳೆಗಾಲದ್ದು. ಒಂದು ದೊಡ್ಡ ಮಳೆ ಸುರಿದು ಅರ್ಧ ಗಂಟೆ ಬಿಡುವು ಕೊಡುತ್ತದಲ್ಲ, ಆಗಿನದು. ಗಾಳಿ ತೊಳೆದಂತಿರುತ್ತದೆ. ಎದುರು ದಡದ ಕಿಟಕಿಗಳನ್ನು ಎಣಿಸಬಹುದು.

ಅದೇ ಮಳೆಗಾಲದಲ್ಲಿ ನನ್ನ ಮೊದಲ ಕ್ಯಾಮೆರಾ ಹೋಯಿತು. ಜುಲೈ, ಹುಣ್ಣಿಮೆಯ ಮಾರನೇ ದಿನ, ಮಧ್ಯಾಹ್ನದ ಭರತ. ಆ ದಿನಗಳಲ್ಲಿ ನೀರು ನಾಲ್ಕೂವರೆ ಮೀಟರ್ ದಾಟುತ್ತದೆ ಅಂತ ಪಾಲಿಕೆ ಮೊದಲೇ ಎಚ್ಚರಿಕೆ ಕೊಟ್ಟಿರುತ್ತದೆ. ಅಲೆ ದಡದ ಕಾಂಕ್ರೀಟ್ ತಡೆಗಲ್ಲು ಟೆಟ್ರಾಪಾಡ್‌ಗೆ ಬಡಿದು ಗೋಡೆಯ ಹಾಗೆ ಎದ್ದಿತು. ನಾನು ಏಳುವುದನ್ನು ಮಾತ್ರ ನೋಡಿದೆ. ಗಾಳಿ ಅದನ್ನು ಒಳಕ್ಕೆ ತಂದು ಹಾಕುತ್ತದೆ ಅನ್ನುವುದು ಹೊಳೆಯಲಿಲ್ಲ. ಬಕೆಟ್ ಸುರಿದ ಹಾಗೆ ತಲೆ ಮೇಲೆ ಬಿತ್ತು. ಗಾಬರಿಯಲ್ಲಿ ಕ್ಯಾಮೆರಾ ಆನ್ ಮಾಡಿ ನೋಡಿದೆ, ಅದು ಇನ್ನೊಂದು ತಪ್ಪು. ರಿಪೇರಿಯವರು ಬೋರ್ಡಿಗೆ ಉಪ್ಪು ಹಿಡಿದಿದೆ, ಇನ್ನು ಆಗದು ಅಂದರು. ರಾತ್ರಿ ಅತ್ತುಬಿಟ್ಟೆ. ಸುಳ್ಳು ಹೇಳುವುದಿಲ್ಲ.

ಈಗ ಉಪ್ಪುನೀರು ತಾಗಿದರೆ ಮೊದಲು ಆಫ್ ಮಾಡಿ ಬ್ಯಾಟರಿ ತೆಗೆಯುತ್ತೇನೆ. ಒಣ ಬಟ್ಟೆಯಲ್ಲಿ ಉಜ್ಜುವುದಿಲ್ಲ, ಉಪ್ಪಿನ ಹರಳು ಗೀರುತ್ತದೆ. ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಎಸಿ ಲೋಕಲ್‌ನಲ್ಲಿ ಬಂದರೆ ಇಳಿಯುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕುತ್ತೇನೆ. ತಣ್ಣಗಿನ ಲೆನ್ಸಿಗೆ ಹೊರಗಿನ ಸೆಕೆ ತಾಗಿದರೆ ಮಂಜು ಕಟ್ಟುತ್ತದೆ, ಹದಿನೈದು ಇಪ್ಪತ್ತು ನಿಮಿಷ ಕವರಿನೊಳಗೇ ಹದಕ್ಕೆ ಬರಲಿ. ಮನೆಯಲ್ಲಿ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು ಬರುತ್ತದೆ.

ಆ ಘಟನೆಯಿಂದ ಒಂದು ಒಳ್ಳೆಯದೂ ಆಯಿತು. ದೊಡ್ಡ ಭರತದ ದಿನ ಈಗ ರಸ್ತೆಯ ಈ ಬದಿ, ಆರ್ಟ್ ಡೆಕೋ ಶೈಲಿಯ ಹಳೆಯ ಕಟ್ಟಡಗಳ ಮುಂದಿನ ಫುಟ್‌ಪಾತಿನಲ್ಲಿ ನಿಲ್ಲುತ್ತೇನೆ. 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದ ಸಾಲು ಅದು. ಅಲ್ಲಿಂದ ಅಲೆ ದೂರವಾಗುತ್ತದೆ, ಆದರೆ ನಡುವೆ ಇಡೀ ರಸ್ತೆ ಸಿಗುತ್ತದೆ. ಕೊಡೆ ಮಗುಚಿದ ಹುಡುಗಿ, ಪ್ಲಾಸ್ಟಿಕ್ ಹೊದ್ದ ಜೋಳದವನು, ತಲೆ ತಗ್ಗಿಸದೆ ಹೋಗುವ ಟ್ಯಾಕ್ಸಿ, ಅವರೆಲ್ಲರ ಹಿಂದೆ ಬಿಳಿ ಗೋಡೆ ಏಳುತ್ತದೆ. ಅಲೆ ಮಾತ್ರ ಇದ್ದ ಹಳೆಯ ಫೋಟೋಗಳನ್ನು ನಾನೀಗ ಯಾರಿಗೂ ತೋರಿಸುವುದಿಲ್ಲ.

ಕೆಲವನ್ನು ತೆಗೆಯುವುದಿಲ್ಲ. ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳ ಮೇಲೆ ಕಡಲಿಗೆ ಮುಖ ಮಾಡಿ ಕೂತ ಜೋಡಿಗಳ ಮುಖ ತೆಗೆಯುವುದಿಲ್ಲ. ಒಂದೇ ರೂಮಿನ ಮನೆಗಳಿಂದ ಬಂದವರಿಗೆ ಈ ಊರು ಕೊಟ್ಟಿರುವ ಏಕಾಂತ ಅಷ್ಟೇ. ಅದನ್ನು ಕಸಿದುಕೊಂಡರೆ ಫೋಟೋ ಎಷ್ಟು ಚೆನ್ನಾಗಿದ್ದರೂ ಕಳ್ಳತನವೇ. ಮನೆಯವರನ್ನು ಕೇಳದೆ ಮಕ್ಕಳ ಫೋಟೋ ಇಲ್ಲ. ನೌಕಾಪಡೆಯ ಗೋಡೆ ಕಡೆ ಕ್ಯಾಮೆರಾ ಎತ್ತುವುದಿಲ್ಲ, ಸಸೂನ್ ಡಾಕ್‌ನೊಳಗೆ ಅನುಮತಿ ಇಲ್ಲದೆ ತೆಗೆಯುವುದಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಕೋಳಿವಾಡಕ್ಕೆ ಕ್ಯಾಮೆರಾ ಇಲ್ಲದೆಯೂ ಹೋಗುತ್ತೇನೆ, ಸುಮ್ನೆ ಮಾತಾಡಿ ಬರಲು.

ಮನೆಗೆ ಬಂದ ದಿನವೇ ಫೋಟೋ ನೋಡುವುದಿಲ್ಲ. ಒಂದು ವಾರ ಬಿಡುತ್ತೇನೆ. ಅವತ್ತು ಪಟ್ಟ ಕಷ್ಟ ಮರೆತುಹೋದ ಮೇಲೆ ನೋಡಿದರೆ ಇನ್ನೂರರಲ್ಲಿ ಐದು ಉಳಿಯುತ್ತವೆ.

ಈ ಶನಿವಾರ ಬಿದಿಗೆ. ಎರಡನ್ನು ಮುಕ್ಕಾಲಿನಿಂದ ಗುಣಿಸಿದರೆ ಭರತ ಮಧ್ಯಾಹ್ನ ಒಂದೂವರೆಗೆ, ಇಳಿತ ಬೆಳಗ್ಗೆ ಏಳೂಕಾಲರ ಸುಮಾರಿಗೆ. ಕಾರ್ಟರ್ ರೋಡ್ ಅಂತ ಬರೆದಿಟ್ಟಿದ್ದೇನೆ. ದಾದರ್‌ನಲ್ಲಿ ಲೈನ್ ಬದಲಿಸಬೇಕು, ಹಾಗಾಗಿ ಐದರ ಲೋಕಲ್.