ಉಪ್ಪು ಬೀಳುವ ಮೊದಲು ಕೂಸಿನ ಪಾಲು: ಹನ್ನೊಂದನೇ ತಿಂಗಳ ಊಟ, ನನ್ನ ಅನುಭವ

ವರ್ಷ ತುಂಬಲು ಎರಡು ತಿಂಗಳಿರುವ ಕೂಸಿಗೆ ಬೇರೆ ಒಲೆ, ಬೇರೆ ಅಡುಗೆ ಬೇಕಿಲ್ಲ. ಮನೆಮಂದಿಗೆ ಮಾಡಿದ್ದರಲ್ಲೇ ಅದರ ಪಾಲನ್ನು ತಕ್ಕ ಹೊತ್ತಿಗೆ ತೆಗೆದಿಟ್ಟರಾಯಿತು. ಬೇಳೆ, ತರಕಾರಿ ಬೆಂದು ಮೆತ್ತಗಾಗಿರಬೇಕು. ಉಪ್ಪು, ಹುಳಿ, ಖಾರದಪುಡಿ ಇನ್ನೂ ಬಿದ್ದಿರಬಾರದು. ಅದೇ ಆ ಹೊತ್ತು. ದಾವಣಗೆರೆಯ ನಮ್ಮ ಮನೆಯಲ್ಲಿ ಮಗಳ ಊಟವನ್ನು ರಾಗಿ ಸರಿಯಿಂದ ಅನ್ನ, ರೊಟ್ಟಿ, ಮುದ್ದೆಗೆ ತಂದದ್ದು ಈ ಒಂದೇ ಪದ್ಧತಿಯಿಂದ. ಅಡುಗೆಗೆ ನಿಂತವರು ಯಾರೇ ಇರಲಿ, ಉಪ್ಪಿನ ಡಬ್ಬಿಗೆ ಕೈ ಹಾಕುವ ಮುಂಚೆ "ಕೂಸಿನ ಪಾಲು ತೆಗೆದ್ರಾ ಅತ್ತೆ?" ಅಂತ ಒಂದು ಮಾತು ಕೇಳುವುದು ರೂಢಿಯಾದರೆ ಅರ್ಧ ಕೆಲಸ ಮುಗಿದಂತೆ.

ಕುಕ್ಕರಿನಲ್ಲಿ ಬೇಳೆಯ ಪಾತ್ರೆಯ ಮೇಲೆ ಒಂದು ಪುಟ್ಟ ಸ್ಟೀಲ್ ಡಬ್ಬಿ ಇಡುತ್ತೇವೆ. ಅದಕ್ಕೆ ಎರಡು ದೊಡ್ಡ ಚಮಚ ಅಕ್ಕಿ, ಒಂದು ದೊಡ್ಡ ಚಮಚ ಹೆಸರುಬೇಳೆ, ಬೆರಳುದ್ದದ ಒಂದು ತುಂಡು ಸಿಹಿಗುಂಬಳ ಇಲ್ಲವೇ ಕ್ಯಾರೆಟ್, 250 ಮಿಲಿ ನೀರು. ಡಬ್ಬಿಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿದರೆ ಗಂಜಿ ಉಕ್ಕಿ ಕೆಳಗಿನ ಬೇಳೆಗೆ ಸೇರುತ್ತದೆ. ಐದು ಸೀಟಿ ಆಗಬೇಕು. ನಮ್ಮ ಅನ್ನಕ್ಕೆ ಸಾಕಾಗುವ ಮೂರು ಸೀಟಿಗೆ ಕೂಸಿನ ಅಕ್ಕಿ ಒಸಡಿಗೆ ಮಣಿಯುವಷ್ಟು ಬೇಯುವುದಿಲ್ಲ. ಇಳಿಸಿದ ಮೇಲೆ ಒಂದು ಸಣ್ಣ ಚಮಚ ತುಪ್ಪ. ಇದು ಎರಡು ಹೊತ್ತಿನ ಅಳತೆ, ಒಂದು ಹೊತ್ತಿಗೆ ಸುಮಾರು 125 ಮಿಲಿ, ಅಂದರೆ ಅರ್ಧ ಲೋಟ. ಅಳತೆಗೆ ಒಂದೇ ಬಟ್ಟಲನ್ನು ಬಳಸಿದರೆ ಯಾರು ಉಣಿಸಿದರೂ ಎಷ್ಟು ಹೋಯಿತೆಂದು ತಿಳಿಯುತ್ತದೆ. ಎರಡನೇ ಪಾಲನ್ನು ಆರಿದ ಕೂಡಲೇ ಫ್ರಿಜ್ಜಿಗೆ ಇಟ್ಟು, ಉಣಿಸುವಾಗ ಹಬೆ ಬರುವಷ್ಟು ಬಿಸಿ ಮಾಡಬೇಕು. ಏಪ್ರಿಲ್ ತಿಂಗಳ ಬಿಸಿಲಿಗೆ ಹೊರಗಿಟ್ಟ ಅನ್ನ ಒಂದು ತಾಸಿಗಿಂತ ಹೆಚ್ಚು ಇರಬಾರದು. ಕೂಸಿನ ಎಂಜಲು ಚಮಚ ತಾಗಿದ್ದನ್ನಂತೂ ಮತ್ತೆ ಎತ್ತಿಡಬೇಡಿ.

ಮಿಕ್ಸಿಯನ್ನು ಈ ತಿಂಗಳುಗಳಲ್ಲಿ ಪೂರ್ತಿ ಬಿಡಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನುಣ್ಣಗೆ ರುಬ್ಬಿದ್ದನ್ನು ಕೂಸು ನಾಲಿಗೆಯಿಂದಲೇ ಹಿಂದಕ್ಕೆ ತಳ್ಳಿ ನುಂಗುತ್ತದೆ, ದವಡೆಗೆ ಕೆಲಸವೇ ಇಲ್ಲ. ತುಂಡನ್ನು ಬಾಯಿಯ ಪಕ್ಕಕ್ಕೆ ಸರಿಸಿ ಒಸಡಿನಲ್ಲಿ ಜಜ್ಜುವುದು ತುಂಡು ಸಿಕ್ಕರೆ ಮಾತ್ರ ಬರುವ ವಿದ್ಯೆ. ದವಡೆ ಹಲ್ಲು ಬರುವುದು ವರ್ಷ ದಾಟಿದ ಮೇಲೆಯೇ. ಅದಕ್ಕಾಗಿ ಕಾಯುವುದು ಬೇಡ, ಒಸಡು ಸಾಕಷ್ಟು ಗಟ್ಟಿ ಇರುತ್ತದೆ. ಹತ್ತು ತಿಂಗಳ ನಂತರವೂ ಬರೀ ನುಣ್ಣನೆಯದನ್ನೇ ಕೊಟ್ಟರೆ ಮುಂದೆ ಅಗುಳು ಕಂಡರೆ ಉಗಿಯುವ ಅಭ್ಯಾಸ ಗಟ್ಟಿಯಾಗುತ್ತದೆ. ನಾವು ಮಾಡಿದ್ದು ಹೀಗೆ: ಮೊದಲ ಮೂರು ದಿನ ಚಮಚದ ಬೆನ್ನಿನಿಂದ ಪೂರ್ತಿ ಕಿವುಚಿದ್ದು, ಆಮೇಲೆ ಮೂರು ದಿನ ಕಾಲು ಭಾಗದಷ್ಟು ಅಗುಳು ಹಾಗೇ ಬಿಟ್ಟದ್ದು, ಆಮೇಲೆ ಅರ್ಧ. ಹತ್ತು ಹನ್ನೆರಡು ದಿನಕ್ಕೆ ಕೈಯಲ್ಲಿ ಒಮ್ಮೆ ಹಿಚುಕಿದ ಅನ್ನಕ್ಕೆ ಬಂದು ನಿಂತಿತು.

ಇಲ್ಲಿ ಬಹಳ ಮನೆಗಳಲ್ಲಿ ಆಗುವ ತಪ್ಪು ಒಂದಿದೆ. ಅನ್ನ ಗಂಟಲಿಗೆ ಸಿಕ್ಕೀತೆಂದು ಮೇಲೆ ತಿಳಿಸಾರು ಸುರಿಯುತ್ತಾರೆ. ತೆಳ್ಳನೆ ನೀರಿನಲ್ಲಿ ತೇಲುವ ಅಗುಳು ಕೂಸಿಗೆ ಎಲ್ಲಕ್ಕಿಂತ ಕಷ್ಟ: ನೀರು ಮೊದಲು ಗಂಟಲಿಗೆ ಓಡುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ, ಎರಡನ್ನೂ ಒಟ್ಟಿಗೆ ನಿಭಾಯಿಸಲು ಬಾರದೆ ಓಕರಿಸುತ್ತದೆ. ಗಟ್ಟಿ ಬೇಳೆಯಲ್ಲಿ ಕಲಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಲಸಿದ್ದು ಚಮಚ ಓರೆ ಮಾಡಿದರೂ ಜಾರದೆ ನಿಲ್ಲಬೇಕು, ಅದೇ ಹದ.

ಮುದ್ದೆಯ ವಿಷಯ ಬೇರೆ. ದೊಡ್ಡವರು ಮುದ್ದೆಯನ್ನು ನುಂಗುತ್ತೇವೆ, ಅಗಿಯುವುದಿಲ್ಲ. ಅದೇ ಅಂಟು ತುತ್ತು ಕೂಸಿನ ಗಂಟಲಿಗೆ ಹೋದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮುದ್ದೆ ತಿರುವಿ ಕಟ್ಟುವ ಮೊದಲು ಒಂದು ಸೌಟು ತೆಗೆದು, ಬೆಂದ ಬೇಳೆ ಮೂರು ಚಮಚ, ತುಪ್ಪ ಅರ್ಧ ಚಮಚ ಹಾಕಿ ಬೆರಳಿನಿಂದ ಗಂಟಿಲ್ಲದಂತೆ ಮಸೆಯುತ್ತೇವೆ. ಬೆರಳಿಗೆ ಸಿಗುವ ಬಿಳಿ ಹಿಟ್ಟಿನ ಗಂಟು ಹಸಿ ಹಿಟ್ಟು. ಅದು ಹೊಟ್ಟೆಗೆ ಹೋದರೆ ಹೊಟ್ಟೆ ಉಬ್ಬರಿಸುತ್ತದೆ. ಜೋಳದ ರೊಟ್ಟಿಯಾದರೆ ಹಂಚಿನಿಂದ ಇಳಿದ ಬಿಸಿ ರೊಟ್ಟಿಯ ಉಬ್ಬಿದ ಮೇಲ್ಪದರ ಬಿಡಿಸಿ, ಚೂರು ಮಾಡಿ ಬೇಳೆ ಕಟ್ಟಿನಲ್ಲಿ ಹತ್ತು ನಿಮಿಷ ನೆನೆಸುವುದು. ಕಟಕ ರೊಟ್ಟಿ ಬೇಡ, ಮುರಿದ ಚೂರಿನ ಅಂಚು ಅಂಗುಳಕ್ಕೆ ಚುಚ್ಚುತ್ತದೆ.

ರಾಗಿ ಸರಿಯನ್ನು ಬೆಳಗಿನ ಒಂದು ಹೊತ್ತಿಗೆ ಉಳಿಸಿಕೊಂಡಿದ್ದೇವೆ. ಆದರೆ ಒಂಬತ್ತು ತಿಂಗಳ ಮೇಲೆ ತೂಕ ಏರದ ಮಕ್ಕಳ ಮನೆಯಲ್ಲಿ ಮೊದಲು ನೋಡಬೇಕಾದ್ದು ಈ ಸರಿಯನ್ನೇ. ರಾಗಿ ಹಿಟ್ಟು ಬೆಂದಾಗ ನೀರು ಕುಡಿದು ದಪ್ಪಗಾಗುತ್ತದೆ, ನಾವು ಇನ್ನಷ್ಟು ನೀರು ಹಾಕಿ ತೆಳು ಮಾಡುತ್ತೇವೆ. ಕೂಸಿನ ಹೊಟ್ಟೆಗೆ ಹಿಡಿಯುವುದು ಕಿಲೋ ತೂಕಕ್ಕೆ ಸುಮಾರು 30 ಮಿಲಿ. ಎಂಟು ಕಿಲೋ ಇದ್ದರೆ 240 ಮಿಲಿ. ತೆಳು ಸರಿಯಿಂದ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಇದಕ್ಕೆ ಮೊಳಕೆ ರಾಗಿ ಹಿಟ್ಟು ಒಳ್ಳೆಯ ಮದ್ದು. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಬೆಂದ ಪಿಷ್ಟವನ್ನು ಒಡೆಯುತ್ತದೆ, ನೀರು ಸೇರಿಸದೆಯೇ ಸರಿ ಸಡಿಲವಾಗುತ್ತದೆ.

ಮೂರು ದೊಡ್ಡ ಚಮಚ ರಾಗಿ ಹಿಟ್ಟನ್ನು ಮುಕ್ಕಾಲು ಲೋಟ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಯಾಡಿಸಿ. ಗಟ್ಟಿ ಹಲ್ವದಂತಾಗುತ್ತದೆ, ಹೆದರಬೇಡಿ. ಇಳಿಸಿ ನಾಲ್ಕೈದು ನಿಮಿಷ ಬಿಟ್ಟು, ಅರ್ಧ ಸಣ್ಣ ಚಮಚ ಮೊಳಕೆ ಹಿಟ್ಟನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಾಕಿ ತಿರುವಿ, ಮುಚ್ಚಿಡಿ. ಐದು ನಿಮಿಷದಲ್ಲಿ ಕಣ್ಣೆದುರಿಗೇ ಸಡಿಲಾಗುತ್ತದೆ. ಕೊನೆಗೆ ಮತ್ತೆ ಒಲೆಗಿಟ್ಟು ಒಂದೆರಡು ನಿಮಿಷ ಕುದಿಸಲೇಬೇಕು, ಏಕೆಂದರೆ ಮೊಳಕೆ ಹಿಟ್ಟು ಹಸಿಯಾಗಿರುತ್ತದೆ. ಕುದಿಯುವಾಗಲೇ ಹಾಕಿದರೆ ಕಿಣ್ವ ಸತ್ತು ಸಡಿಲಾಗುವುದೇ ಇಲ್ಲ. ಹಿಟ್ಟು ಮಾಡುವಾಗ ಮೊಳಕೆಯನ್ನು ಘಮ್ಮೆನ್ನುವ ತನಕ ಹುರಿದರೂ ಅದೇ ಗತಿ. ರುಚಿಗೆ ಹುರಿದದ್ದು ಬೇರೆ ಡಬ್ಬಿ, ಇದಕ್ಕೆ ನೆರಳಲ್ಲಿ ಒಣಗಿಸಿದ್ದು ಬೇರೆ ಡಬ್ಬಿ.

ಮೊಳಕೆ ಕಟ್ಟಲು ಕಾಲು ಕಿಲೋ ರಾಗಿ ಸಾಕು. ಕಲ್ಲು ಮಣ್ಣು ಹೋಗುವ ತನಕ ನಾಲ್ಕೈದು ನೀರಲ್ಲಿ ತೊಳೆದು, 12 ತಾಸು ನೆನೆಸಿ, ನೀರು ಬಸಿದು ಬಿಳಿ ಪಂಚೆಯಲ್ಲಿ ಕಟ್ಟುವುದು. ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳಕೆ ಕಾಣುತ್ತದೆ, ಚಳಿಯಲ್ಲಿ ಎರಡು ದಿನ. ಬಟ್ಟೆ ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಹಾಗಾದದ್ದನ್ನು ಒಣಗಿಸಿ ಉಳಿಸಿಕೊಳ್ಳಲು ನೋಡಬೇಡಿ, ಚೆಲ್ಲಿಬಿಡಿ. ಗಿರಣಿಗೆ ಒಯ್ದರೆ ಮುಂಚೆ ಯಾವುದನ್ನು ಬೀಸಿದ್ದಾರೆಂದು ಕೇಳಿ. ಮೆಣಸಿನಕಾಯಿ ಬೀಸಿದ ಕಲ್ಲಿಗೆ ಕೂಸಿನ ಹಿಟ್ಟು ಹಾಕಿಸಬಾರದು. ಇಷ್ಟು ಕಡಿಮೆ ಹಿಟ್ಟಿಗೆ ಮನೆಯ ಮಿಕ್ಸಿಯೇ ವಾಸಿ, ತೆಳು ಬಟ್ಟೆಯಲ್ಲಿ ಸೋಸಿದರಾಯಿತು.

ರಾಗಿಯಲ್ಲಿ ಸುಣ್ಣದಂಶ ಧಾರಾಳ, ಆದರೆ ಅದನ್ನೇ ನಂಬಿದರೆ ಕಬ್ಬಿಣದಂಶ ಸಾಲದು. ಆರು ತಿಂಗಳ ಹೊತ್ತಿಗೆ ಹುಟ್ಟಿನಿಂದ ತಂದ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತ ಬಂದಿರುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಬೆಂದ ಹೆಸರುಕಾಳು ಮೊಳಕೆ, ಸೊಪ್ಪು, ತಿನ್ನುವ ಮನೆಯಾದರೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ, ಸಲಕ್ಕೆ 1 ಮಿಲಿ. ಮಲ ಕಪ್ಪಗಾಗುವುದು ಅದರಿಂದಲೇ, ಗಾಬರಿಯಿಂದ ನಿಲ್ಲಿಸಬೇಡಿ. ಚಳ್ಳಕೆರೆ ಕಡೆಯ ಶೇಂಗಾ ಈ ವಯಸ್ಸಿಗೆ ಒಳ್ಳೆಯ ಆಹಾರ, ಆದರೆ ಪುಡಿಯಾಗಿ ಮಾತ್ರ: ಹುರಿದು, ಸಿಪ್ಪೆ ಉಜ್ಜಿ, ನುಣ್ಣಗೆ ಮಾಡಿ ಸರಿಯಲ್ಲಿ ಕದಡುವುದು. ಮೊದಲ ಸಲ ಕಾಲು ಸಣ್ಣ ಚಮಚ, ಅದೂ ಬೆಳಿಗ್ಗೆ. ಎರಡು ತಾಸು ಮೈಮೇಲೆ ದದ್ದು, ತುಟಿ ಊತ, ವಾಂತಿ ಇಲ್ಲವೆಂದು ನೋಡಿಕೊಂಡು ನಿಧಾನಕ್ಕೆ ಒಂದು ಚಮಚಕ್ಕೆ ಏರಿಸಿ. ತುಟಿ ಊದಿದರೆ, ಉಸಿರಿಗೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇಡೀ ಶೇಂಗಾ, ಹುರಿಗಡಲೆ, ಕೊಬ್ಬರಿ ಚೂರು, ಹಸಿ ಕ್ಯಾರೆಟ್ ಕೂಸಿನ ಕೈಗೆಟುಕಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡಬೇಕು. ನಮ್ಮೂರಲ್ಲಿ ಸಂಜೆಯಾದರೆ ಮಂಡಕ್ಕಿ ಕಲಸುತ್ತಾರೆ. ಚಾಪೆಯ ಮೇಲೆ ಉದುರಿದ ಶೇಂಗಾ ಬೀಜವನ್ನು ಅಂಬೆಗಾಲಿಡುವ ಕೂಸು ಎರಡು ಬೆರಳಲ್ಲಿ ಹೆಕ್ಕಿ ಬಾಯಿಗಿಡುತ್ತದೆ. ದೊಡ್ಡವರ ಮಂಡಕ್ಕಿ ಮೇಜಿನ ಮೇಲಾಗಲಿ, ಮುಗಿದ ಕೂಡಲೇ ಕಸ ಗುಡಿಸಲಿ. ಕೂಸಿಗೆ ಬರೀ ಮಂಡಕ್ಕಿಯನ್ನು ಎರಡು ನೀರಲ್ಲಿ ತೊಳೆದು ಹಿಂಡಿ, ಸಿಹಿ ಮೊಸರಿನಲ್ಲಿ ಕಲಸಿ. ತೊಳೆಯುವುದು ಏಕೆಂದರೆ ಹುರಿಯುವ ಮೊದಲೇ ಅಕ್ಕಿಗೆ ಉಪ್ಪು ಹಾಕಿರುತ್ತಾರೆ.

ಓಕರಿಸುವುದಕ್ಕೂ ಗಂಟಲು ಕಟ್ಟುವುದಕ್ಕೂ ವ್ಯತ್ಯಾಸ ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಓಕರಿಸುವಾಗ ಸದ್ದಿರುತ್ತದೆ, ಮುಖ ಕೆಂಪಾಗುತ್ತದೆ, ತುತ್ತು ತಾನೇ ಮುಂದೆ ಬರುತ್ತದೆ. ಕೈ ಕಟ್ಟಿ ಕಾಯಿರಿ. ಗಂಟಲು ಕಟ್ಟಿದರೆ ಸದ್ದಿಲ್ಲ, ಅಳುವಿಲ್ಲ, ತುಟಿ ನೀಲಿಗಟ್ಟುತ್ತದೆ. ಆಗ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ದವಡೆ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಏಟು. ಬರದಿದ್ದರೆ ಅಂಗಾತ ಹೊರಳಿಸಿ ಎದೆಯ ನಡುಮೂಳೆಯ ಮೇಲೆ ಐದು ಸಲ ಒತ್ತು. ಹೀಗೇ ಅದಲು ಬದಲು ಮಾಡುತ್ತ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಕಾಣದ ತುತ್ತಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ನೀರಿನ ಬಗ್ಗೆ ಚಿತ್ರದುರ್ಗ, ಚಳ್ಳಕೆರೆ ಕಡೆಯವರು ವಿಶೇಷ ಗಮನ ಕೊಡಬೇಕು. ಅಲ್ಲಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೇಲಿನ ಮಿತಿ. ಕೂಸು ಕುಡಿಯುವುದಕ್ಕಷ್ಟೇ ಅಲ್ಲ, ಸರಿ ಮತ್ತು ಅನ್ನ ಬೇಯಿಸುವುದಕ್ಕೂ ಶುದ್ಧ ನೀರಿನ ಘಟಕದ ನೀರನ್ನೇ ತಂದು ಕುದಿಸಿ ಬಳಸಿ.

ಊಟ ಮೂರು ನಾಲ್ಕು ಹೊತ್ತು, ನಡುವೆ ಒಂದೆರಡು ಸಲ ಬಾಳೆಹಣ್ಣು ಅಥವಾ ಮೊಸರು; ಎದೆಹಾಲು ಎರಡು ವರ್ಷದ ತನಕ ಇರಲಿ. ಒಂದು ಊಟಕ್ಕೆ ಅರ್ಧ ತಾಸಿಗಿಂತ ಹೆಚ್ಚು ಕೂರಿಸಬಾರದು, ಮೊಬೈಲ್ ತೋರಿಸಿ ತುರುಕಬಾರದು. ಬೇಡವೆಂದು ಮುಖ ತಿರುಗಿಸಿದ ತಿನಿಸನ್ನು ಎರಡು ದಿನ ಬಿಟ್ಟು ಮತ್ತೆ ಒಂದೇ ಚಮಚ ಕೊಡಿ, ಎಂಟು ಹತ್ತು ಸಲ ಆದ ಮೇಲೆ ಒಪ್ಪುವುದೂ ಉಂಟು. ಜ್ವರ, ಭೇದಿ ಬಂದು ಹೋದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ.

ಅಂಗನವಾಡಿ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸಿ ತಾಯಿ ಕಾರ್ಡಿನ ಗೆರೆ ನೋಡುತ್ತೇವೆ. ಹೆಣ್ಣುಕೂಸಿಗೆ ವರ್ಷದ ಹೊತ್ತಿಗೆ ನಡುಮಟ್ಟದ ತೂಕ 8.9 ಕಿಲೋ, 7 ಕಿಲೋಗಿಂತ ಕಡಿಮೆಯಿದ್ದರೆ ವೈದ್ಯರಿಗೆ ತೋರಿಸಬೇಕು. ಒಂಬತ್ತರಿಂದ ಹನ್ನೆರಡನೇ ತಿಂಗಳಿಗೆ ಒಟ್ಟು 700 ಗ್ರಾಂ ಆಸುಪಾಸು ಏರುವುದು ಸಹಜ, ಮೊದಲಿನಂತೆ ಕಿಲೋಗಟ್ಟಲೆ ಏರಲಿಲ್ಲವೆಂದು ಕೊರಗಬೇಕಿಲ್ಲ. ಗೆರೆ ಎರಡು ತಿಂಗಳು ಮಟ್ಟಸವಾಗಿ ನಿಂತರೆ ಮಾತ್ರ ಊಟದ ಹದ, ಹಾಲಿನ ಅಳತೆ ಎರಡನ್ನೂ ತಿರುಗಿ ನೋಡಬೇಕು. ಅದೇ ಕಾರ್ಡಿನಲ್ಲಿ ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದು, ವಿಟಮಿನ್ ಎ ಹನಿ ಬಿಟ್ಟುಹೋಗಿಲ್ಲ ತಾನೇ ಎಂದೂ ನೋಡಿಕೊಳ್ಳಿ.

ಹುಟ್ಟುಹಬ್ಬದ ದಿನ ಕೂಸಿನ ಊಟ, ನಿದ್ದೆಯ ಹೊತ್ತನ್ನು ಮೊದಲು ಗುರುತು ಹಾಕಿಕೊಂಡು ಆಮೇಲೆ ಬಂಧುಗಳಿಗೆ ಹೊತ್ತು ಹೇಳಿ. ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿದರೆ ತೆಗೆಯುವುದು ಬಹಳ ಕಷ್ಟ. ಬಲೂನು ಕಟ್ಟುವುದಾದರೆ ಎತ್ತರಕ್ಕೆ, ಒಡೆದದ್ದು ಕೂಡಲೇ ಬುಟ್ಟಿಗೆ. ಜೇನುತುಪ್ಪವನ್ನು ವರ್ಷ ತುಂಬುವ ಮೊದಲು ನಾಲಿಗೆಗೂ ಸವರಬಾರದು, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಎಳೆಯ ಕರುಳು ತಡೆಯಲಾರದು. ಆಕಳ ಹಾಲನ್ನು ಕುಡಿಯಲು ಕೊಡುವುದು ವರ್ಷದ ನಂತರ, ದಿನಕ್ಕೆ 400 ರಿಂದ 500 ಮಿಲಿ ಒಳಗೆ, ಪುಟ್ಟ ಸ್ಟೀಲ್ ಲೋಟದಲ್ಲಿ. ಅದಕ್ಕಿಂತ ಹೆಚ್ಚಾದರೆ ಹೊಟ್ಟೆ ಹಾಲಿನಿಂದಲೇ ತುಂಬಿ ಊಟ ಹಿಂದೆ ಬೀಳುತ್ತದೆ, ರಕ್ತ ಕಡಿಮೆಯಾಗುತ್ತದೆ. ಆ ಲೋಟವನ್ನು ಹತ್ತನೇ ತಿಂಗಳಿಂದಲೇ ನೀರು ಹಾಕಿ ಕೈಗೆ ಕೊಡುತ್ತ ಬಂದರೆ, ಹಾಲು ಶುರು ಮಾಡುವ ದಿನ ಬಾಟಲಿ ಕೊಳ್ಳುವ ಅಗತ್ಯ ಬೀಳುವುದಿಲ್ಲ. ಮೊದಲೆರಡು ವಾರ ಅರ್ಧ ನೀರು ಅಂಗಿಗೇ ಹೋಗುತ್ತದೆ, ಆದ್ದರಿಂದ ಒಂದು ಗುಟುಕಿನಷ್ಟೇ ಹಾಕಿ ಕೊಡಿ.